ಬೀದಿಗೆ ದಾರಿ ಬಿಟ್ಟ ಮನೆ

ಗರ್ಟಿ ಅತ್ತೆ ನನ್ನ ಸ್ವಂತ ಅತ್ತೆಯಲ್ಲ. ನಮ್ಮೂರು ಹ್ಯಾಗ್ಡನ್ ಕೋವಿನಲ್ಲಿ ತಲೆ ನರೆತ ಹೆಂಗಸರೆಲ್ಲ ಎಲ್ಲರಿಗೂ ಅತ್ತೆಯರೇ, ಗಂಡಸರೆಲ್ಲ ಮಾವಂದಿರೇ. ಅವಳ ಪೂರ್ತಿ ಹೆಸರು ಗರ್ಟ್ರೂಡ್ ಡೆವರೋ. ಅರವತ್ತು ದಾಟಿದೆ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಕೇಳಿದವನು ಹಿಡಿಸಲಿಲ್ಲ, ಹಿಡಿಸಿದವನು ಕೇಳಲಿಲ್ಲ, ಅಷ್ಟರಲ್ಲಿ ಚಹಾ ಕುದೀತು" ಎಂದು ನಗುತ್ತಾಳೆ. ಗಿಡ್ಡ, ಗಟ್ಟಿ ಆಳು. ಕೈಗಳು ಮಾತ್ರ ಮೈಗೆ ಹೊಂದದಷ್ಟು ದೊಡ್ಡವು. ಹರೆಯದಿಂದಲೂ ಮೀನಿನ ಕಾರ್ಖಾನೆಯಲ್ಲಿ ನಿಂತು ತಣ್ಣೀರಿನಲ್ಲಿ ಕಾಡ್ ಮೀನು ಸೀಳಿ ಬೆರಳ ಗೆಣ್ಣುಗಳು ಊದಿಕೊಂಡಿವೆ.

ಕಳೆದ ಚಳಿಗಾಲದಲ್ಲಿ ಅವಳ ಮನೆಗೆ ಆದದ್ದರ ಬಗ್ಗೆ ಊರಲ್ಲಿ ಆಗಲೇ ನಾಲ್ಕಾರು ಕಥೆಗಳು ಓಡಾಡುತ್ತಿವೆ. ಅಂಗಡಿಯಲ್ಲಿ ಕೇಳಿದ್ದಕ್ಕೂ ಚರ್ಚಿನ ಮೆಟ್ಟಿಲ ಮೇಲೆ ಕೇಳಿದ್ದಕ್ಕೂ ತಾಳೆಯಿಲ್ಲ. ನಾನು ಕಣ್ಣಾರೆ ಕಂಡಿದ್ದೇನೆ, ಹಗ್ಗಕ್ಕೆ ಕೈಯನ್ನೂ ಕೊಟ್ಟಿದ್ದೇನೆ. ನನ್ನ ಮಗಳು ನೋರಾ ದೊಡ್ಡವಳಾದ ಮೇಲೆ ಸರಿಯಾದದ್ದನ್ನು ಓದಲಿ ಎಂದು ದಿನಚರಿಯಲ್ಲಿ ಚೂರುಚೂರಾಗಿ ಇದ್ದುದನ್ನು ಇಲ್ಲಿ ಒಟ್ಟಿಗೆ ಹೊಲಿದಿದ್ದೇನೆ.

ಕಾಡ್ ಮೀನು ಬರಿದಾಗುತ್ತಿದೆ, ಇನ್ನು ಯಾರೂ ಹಿಡಿಯಕೂಡದು ಎಂದು ಸರ್ಕಾರ ಹೇಳಿದ ಬೇಸಿಗೆ ನಮ್ಮ ಕಾರ್ಖಾನೆ ಮುಚ್ಚಿತು. ನ್ಯೂಫೌಂಡ್‌ಲ್ಯಾಂಡಿನ ಈ ದಡದಲ್ಲಿ ಮೀನು ಎಂದರೆ ಕಾಡ್ ಒಂದೇ. ಉಳಿದವನ್ನು ಅವುಗಳ ಹೆಸರು ಹಿಡಿದು ಕರೆಯುತ್ತೇವೆ. ಹಾಗಾಗಿ ಮೀನು ಹೋಯಿತು ಎಂದಾಗ ಏನು ಹೋಯಿತು ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಮರುವರ್ಷ ಸೇಂಟ್ ಜಾನ್ಸ್‌ನ ವಿಶ್ವವಿದ್ಯಾಲಯದಿಂದ ಡಾಕ್ಟರ್ ಪೆಕ್ ಬಂದರು. ದೋಣಿಯ ಕಂಬದಂಥ ಮನುಷ್ಯ, ಬಾಗಿಲು ಕಂಡಲ್ಲೆಲ್ಲ ತಾನಾಗಿ ತಲೆ ತಗ್ಗಿಸುವವರು. ಡಾಕ್ಟರ್ ಬಂದಿದ್ದಾರೆ ಎಂದು ಕೇಳಿ ನಮ್ಮೂರ ಮುದುಕ ಲಿಯೋ ಮಾವ ಪ್ಯಾಂಟು ಮಡಚಿ ತನ್ನ ಕೆಟ್ಟ ಮಂಡಿ ತೋರಿಸಲು ಹೋದ.

"ನಾನು ಆ ಥರ ಡಾಕ್ಟರ್ ಅಲ್ಲ, ಲಿಯೋ ಅವರೇ. ಯಾವತ್ತೋ ಸತ್ತುಹೋದವರ ಮನೆಮಠ ನೋಡೋನು" ಎಂದರು ಪೆಕ್.

"ಹಂಗಾ? ಸರಿ, ಇನ್ನೊಂದಷ್ಟು ದಿನ ಬಿಟ್ಟು ಬರ್ತೀನಿ" ಎಂದು ಲಿಯೋ ಮಾವ ಪ್ಯಾಂಟಿನ ಮಡಿಕೆ ಬಿಚ್ಚಿದ.

ನಮ್ಮ ಐರಿಷ್ ಅಜ್ಜಂದಿರು ಈ ದಡಕ್ಕೆ ಬರುವುದಕ್ಕೆ ಎಷ್ಟೋ ಮುಂಚೆ, ಜೇಮ್ಸ್ ದೊರೆಯ ಕಾಲದಲ್ಲಿ, ಮುನ್ನೂರೈವತ್ತು ವರ್ಷಕ್ಕೂ ಹಿಂದೆ, ಲಂಡನ್ನಿನ ವ್ಯಾಪಾರಿಯೊಬ್ಬ ಕಳಿಸಿದ ಇಂಗ್ಲಿಷರು ಇಲ್ಲಿ ಮನೆ ಕಟ್ಟಿ ಚಳಿಗಾಲ ಕಳೆದಿದ್ದರಂತೆ. ಆಲೂಗಡ್ಡೆ ಅಗೆಯುವಾಗ ಸಿಗುತ್ತಿದ್ದ ಒಡೆದ ಮಡಕೆಯ ಬೋಕಿಗಳು, ಹೊಗೆಸೊಪ್ಪು ಸೇದುವ ಮಣ್ಣಿನ ಕೊಳವೆಯ ತುಂಡುಗಳು ಅವರವೇ. ನಾವು ಸಣ್ಣವರಿದ್ದಾಗ ಆ ತುಂಡುಗಳಿಂದ ಸೀಮೆಸುಣ್ಣದ ಹಾಗೆ ಬಂಡೆಯ ಮೇಲೆ ಬರೆಯುತ್ತಿದ್ದೆವು. ಪೆಕ್ ಅವರು ಅಗೆಯುವ ಕೆಲಸಕ್ಕೆ ಕಾರ್ಖಾನೆಯಿಂದ ಮನೆಗೆ ಬಂದ ಹೆಂಗಸರನ್ನೇ ಹೆಚ್ಚಾಗಿ ತೆಗೆದುಕೊಂಡರು. ಬೇಸಿಗೆ ಪೂರ್ತಿ ಕೆಲಸ, ಚಳಿಗಾಲಕ್ಕೆ ಸರ್ಕಾರದ ನಿರುದ್ಯೋಗ ಭತ್ಯೆ. ಹೀಗೆ ಇಪ್ಪತ್ತು ಮನೆಗಳು ಊರು ಬಿಡದೆ ಉಳಿದುಕೊಂಡವು.

ಗರ್ಟಿ ಅತ್ತೆ ಮೊದಲ ದಿನ ಬಂದದ್ದು ಸಂಬಳಕ್ಕೇ. ಎರಡನೆಯ ಬೇಸಿಗೆಯ ಹೊತ್ತಿಗೆ ಅವಳನ್ನು ಮನೆಗೆ ಕಳಿಸುವುದೇ ಕಷ್ಟವಾಯಿತು. ಗೋಣಿ ಮಡಿಸಿ ಮಂಡಿಯ ಕೆಳಗಿಟ್ಟುಕೊಂಡು, ದಾರ ಕಟ್ಟಿದ ಚೌಕದಲ್ಲಿ ಕೂತು, ಕರಣೆಯಿಂದ ಮಣ್ಣನ್ನು ಈರುಳ್ಳಿಯ ಸಿಪ್ಪೆಯ ಹಾಗೆ ಬಿಡಿಸುತ್ತಾಳೆ. ಮಳೆ ಬಂದರೂ ಏಳುವುದಿಲ್ಲ. "ಇದರ ಅಡಿ ಏನಿದೆ ನೋಡಿಬಿಟ್ಟು ಬರ್ತೀನಿ" ಎನ್ನುತ್ತಾಳೆ. ಅದರ ಅಡಿಯಲ್ಲಿ ಇನ್ನೊಂದು ಇದ್ದೇ ಇರುತ್ತದೆ. ಕಾರ್ಖಾನೆಯಲ್ಲಿ ಇಷ್ಟು ವರ್ಷ ದುಡಿದರೂ ನಾಳೆ ಏನು ಬರುತ್ತದೆ ಎಂಬ ಆಸೆ ಒಂದು ದಿನವೂ ಇರಲಿಲ್ಲವಂತೆ. ನಾಳೆಯೂ ಮೀನೇ.

ನಾನು ಬೋಕಿ ತೊಳೆಯುವ ಕೆಲಸದವಳು. ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ಬೋಗುಣಿ ನೀರು. ಪಕ್ಕದಲ್ಲಿ ಮೀನಿನ ಪೆಟ್ಟಿಗೆಯೊಳಗೆ ಕಂಬಳಿ ಹಾಸಿ ಮಲಗಿಸಿದ ನೋರಾ. ಹೋದ ಬೇಸಿಗೆ ಅವಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ.

ಆ ಬೇಸಿಗೆಯಲ್ಲೇ ಬೀದಿ ಸಿಕ್ಕಿದ್ದು. ಗುಂಡುಕಲ್ಲು ಹಾಸಿದ ಬೀದಿ. ನೀರಿನಂಚಿನ ಹಳೆಯ ಗೋಡೆಯ ಹತ್ತಿರ ಶುರುವಾಗಿ ಏರಿನ ಕಡೆಗೆ ಹೊರಟಿತ್ತು. ದಿನಕ್ಕೆ ಮೊಳದಷ್ಟು ಕಲ್ಲು ಬೆಳಕಿಗೆ ಬರುತ್ತಿತ್ತು. ಮುಂದಿನ ತುದಿಯ ಚೌಕ ಗರ್ಟಿ ಅತ್ತೆಯದು. ಒಂದು ಮಧ್ಯಾಹ್ನ ನಾನು ನೋರಾಳನ್ನು ಎತ್ತಿಕೊಂಡು ಅಲ್ಲಿಗೆ ಹೋದಾಗ ಅವಳು ಕರಣೆ ಕೆಳಗಿಟ್ಟು ಸುಮ್ಮನೆ ಕೂತಿದ್ದಳು.

"ಯಾಕತ್ತೆ, ಬೆನ್ನು ಹಿಡಿದುಕೊಳ್ತಾ?"

"ಬೆನ್ನಿಗೇನಾಗಿದೆ. ಕಲ್ಲಿನ ಸಾಲು ಹಿಡಿದು ಹಂಗೇ ಕಣ್ಣು ಹಾಯಿಸು. ಎಲ್ಲಿಗೆ ಹೋಗ್ತಿದೆ ಹೇಳು."

ನೋಡಿದೆ. ಬೇಲಿ. ಬೇಲಿಯಾಚೆ ಅವಳ ಹಿತ್ತಿಲ ಮೆಟ್ಟಿಲು.

"ನನ್ನ ಒಲೆ ಕೆಳಕ್ಕೆ ಕಣೇ ಮಗಳೇ" ಎಂದಳು. "ಇಷ್ಟು ಕಾಲ ಮಣ್ಣೊಳಗೆ ಮಲಗಿದ್ದು ಈಗೆದ್ದು ನನ್ನ ಮನೆಗೇ ಚಹಾಕ್ಕೆ ಬರ್ತಿದೆ ನೋಡು."

ನಗುತ್ತಲೇ ಹೇಳಿದಳು. ಕರಣೆಯನ್ನು ಮಾತ್ರ ಮತ್ತೆ ಕೈಗೆತ್ತಿಕೊಳ್ಳಲಿಲ್ಲ.

ವಾರದೊಳಗೆ ಡಾಕ್ಟರ್ ಪೆಕ್ ಟೋಪಿ ಕೈಯಲ್ಲಿ ಹಿಡಿದು ಅವಳ ಅಡುಗೆಮನೆಗೆ ಬಂದರು. ನಾನೂ ಇದ್ದೆ, ನೋರಾಳ ಬಟ್ಟೆ ಒಲೆಯ ಮೇಲಿನ ಹಗ್ಗಕ್ಕೆ ಒಣಹಾಕುತ್ತಿದ್ದೆ. ಅವರು ಸುತ್ತಿಬಳಸಲಿಲ್ಲ.

"ಗರ್ಟಿಯವರೇ, ನಿಮ್ಮೂರಿನ ಮನೆಗಳಿಗೆ ಪಾಯ ಇಲ್ಲ, ಗೂಟದ ಮೇಲೆ ನಿಂತಿವೆ. ಸುತ್ತಲಿನ ಜಾಗವನ್ನೆಲ್ಲ ಆಲೂಗಡ್ಡೆಗೆ ಅಂತ ತಿರುವಿಹಾಕಿದ್ದಾರೆ. ಯಾರೂ ಗುದ್ದಲಿ ಮುಟ್ಟಿಸದ ನೆಲ ಉಳಿದಿರೋದು ನಿಮ್ಮ ಮನೆಯಡಿ ಮಾತ್ರ. ಆ ಬೀದಿಯ ಕೊನೇಲಿ ಏನಿದ್ರೂ ಅಲ್ಲೇ ಇದೆ."

"ಅದಕ್ಕೆ?"

"ಸರ್ಕಾರ ಮನೆಯನ್ನ ಕೊಳ್ಳೋಕೆ ಒಪ್ಪಿದೆ. ಕೊಂಡು..." ಅವರು ಟೋಪಿಯನ್ನು ತಿರುಗಿಸಿದರು. "ಕೆಡವಬೇಕಾಗುತ್ತೆ."

"ನಾನು ಕೊಡಲ್ಲ ಅಂದ್ರೆ?"

"ನಿಮ್ಮ ಮನೆ, ನಿಮ್ಮಿಷ್ಟ. ಬೇಲಿ ಹತ್ರ ನಿಲ್ಲಿಸ್ತೀವಿ. ಆದರೆ ಆ ಕಡೆ ಸಮುದ್ರ, ಈ ಕಡೆ ಬಂಡೆ. ಅಗೆಯೋಕೆ ಬೇರೆ ಜಾಗ ಇಲ್ಲ ಅಂದ್ಮೇಲೆ ಮುಂದಿನ ಬೇಸಿಗೆಯ ನಂತರ ದುಡ್ಡು ಕೊಡೋರಿಲ್ಲ. ನಿಮಗೆ ಸುಳ್ಳು ಹೇಳಲ್ಲ."

ಗರ್ಟಿ ಅತ್ತೆ ಅವರಿಗೆ ಚಹಾ ಬಗ್ಗಿಸಿದಳು, ಡಬ್ಬಿ ಹಾಲು ಹಾಕಿದಳು, ಕಾಕಂಬಿ ಹಾಕಿ ಸುಟ್ಟ ಬ್ರೆಡ್ಡಿಗೆ ಬೆಣ್ಣೆ ಸವರಿದಳು. "ತಿನ್ನಿ, ಗಾಳಿಗೆ ಹಾರಿಹೋಗ್ತೀರಿ" ಎಂದಳು.

ಆ ಮನೆಯ ಬಗ್ಗೆ ಹೇಳಬೇಕು. ಅದು ಹುಟ್ಟಿದ್ದು ಇಲ್ಲಲ್ಲ, ಬಂದರಿನ ಬಾಯಲ್ಲಿರುವ ದ್ವೀಪದಲ್ಲಿ. ಗರ್ಟಿ ಅತ್ತೆ ಪುಟ್ಟ ಹುಡುಗಿಯಾಗಿದ್ದಾಗ ದ್ವೀಪದ ಬಾವಿ ಉಪ್ಪಾಯಿತು. ಅವಳಪ್ಪ ಮನೆಯ ಸುತ್ತ ಖಾಲಿ ಪೀಪಾಯಿಗಳನ್ನು ಕಟ್ಟಿ, ಉಬ್ಬರದಲ್ಲಿ ನೀರಿಗಿಳಿಸಿ, ದೋಣಿಗಳಿಗೆ ಬಿಗಿದು ಈಚೆ ದಡಕ್ಕೆ ತೇಲಿಸಿಕೊಂಡು ಬಂದ. ಇಳಿ ಎಂದರೆ ಅವಳಮ್ಮ ಇಳಿಯಲಿಲ್ಲವಂತೆ. ಅಡುಗೆಮನೆಯಲ್ಲಿ ಕೂತು ದಾರಿಯುದ್ದಕ್ಕೂ ಆಲೂಗಡ್ಡೆ ಸುಲಿಯುತ್ತಿದ್ದಳಂತೆ. ಗರ್ಟಿ ಅತ್ತೆ ಮಹಡಿಯ ಕಿಟಕಿಯಲ್ಲಿ ಕೂತು ನೀರುಹಕ್ಕಿಗಳಿಗೆ ಕೈ ಬೀಸಿದಳಂತೆ. ಕಪಾಟಿನ ಒಂದು ಕಪ್ಪೂ ಒಡೆಯಲಿಲ್ಲ. ಅಪ್ಪ, ಅಮ್ಮ ಇಬ್ಬರೂ ಆ ಮನೆಯಲ್ಲೇ ಕಣ್ಣು ಮುಚ್ಚಿದರು. ಅಂಥ ಮನೆಯನ್ನು ಈಗ ಕೆಡವಬೇಕಂತೆ.

ಊರು ಅವಳಿಗೆ ಒಂದು ಮಾತೂ ಹೇಳಲಿಲ್ಲ. ಅದೇ ದೊಡ್ಡ ಹಿಂಸೆಯಾಯಿತು. ಅವಳು ಅಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಬಾಗಿಲ ಹಿಡಿಕೆಗೆ ಯಾರೋ ಉಪ್ಪು ಹಾಕಿದ ದನದ ಮಾಂಸದ ಪೊಟ್ಟಣ ನೇತುಹಾಕಿ ಹೋಗಿದ್ದರು. "ನಾನಿನ್ನೂ ಸತ್ತಿಲ್ಲ, ಸತ್ತ ಮನೆಗೆ ಕೊಡೋ ಹಂಗೆ ಕೊಡ್ತಿದ್ದಾರಲ್ಲ!" ಎಂದು ಬೈದುಕೊಂಡೇ ಬೇಯಿಸಿ ತಿಂದಳು. ನನ್ನ ಗಂಡ ಡರ್ಮಟ್ ಏಡಿ ಹಿಡಿಯುವ ದೋಣಿಗೆ ಹೋಗುತ್ತಾನೆ, ಉಳಿದ ದಿನ ಮಣ್ಣು ತೋಡುವ ಯಂತ್ರ ಓಡಿಸುತ್ತಾನೆ. ಅವನು ಒಂದು ದಿನ ಊಟಕ್ಕೆ ಕೂತಾಗ, "ಅಗೆಯೋ ಕೆಲಸ ನಿಂತರೆ ನಾವೂ ಊರು ಬಿಟ್ಟು ಕೆಲಸಕ್ಕೆ ಆಲ್ಬರ್ಟಾ ಕಡೆ ನೋಡಬೇಕಾಗುತ್ತೆ" ಎಂದ. ನಾನು ನೋರಾಳ ಬಾಯಿ ಒರೆಸಿದೆ. ಆ ಮಾತನ್ನು ಗರ್ಟಿ ಅತ್ತೆಗೆ ನಾನಂತೂ ಹೇಳಲಿಲ್ಲ. ಹೇಳದೆಯೂ ಅವಳಿಗೆ ಗೊತ್ತಿತ್ತು.

ಅಕ್ಟೋಬರಿನಲ್ಲಿ ಚೌಕಗಳಿಗೆ ಟಾರ್ಪಾಲು ಹೊದಿಸಿ ಪೆಕ್ ಊರಿಗೆ ಹೋದರು. ಬೀದಿ ಅವಳ ಬೇಲಿಗೆ ಮೂಗು ತಾಗಿಸಿ ನಿಂತಿತ್ತು.

ಕ್ರಿಸ್‌ಮಸ್ ಕಳೆದ ಮೇಲೆ ಒಂದು ಬೆಳಿಗ್ಗೆ ಗರ್ಟಿ ಅತ್ತೆ ನಮ್ಮ ಮನೆಗೆ ಬಂದವಳು ಕೋಟೂ ಬಿಚ್ಚಲಿಲ್ಲ. "ಮಗೂಗೆ ಟೋಪಿ ಹಾಕು. ಲಿಯೋ ಮನೆಗೆ ಹೋಗೋಣ ನಡಿ. ಒಬ್ಬಳೇ ಹೋದರೆ ಆ ಮುದುಕ ನಾನು ಮದುವೆ ಕೇಳೋಕೆ ಬಂದೆ ಅಂತ ಊರೆಲ್ಲ ಸಾರ್ತಾನೆ."

ಲಿಯೋ ಫರ್ಲಾಂಗ್ ಮಾವನಿಗೆ ಎಂಬತ್ತರ ಮೇಲೆ. ಹಿಂದೆ ನಮ್ಮ ಕಡೆ ಮನೆಗಳನ್ನು ಚಳಿಗಾಲದಲ್ಲಿ ಹಿಮದ ಮೇಲೆ ಎಳೆದು ಸಾಗಿಸುವುದಿತ್ತು. ಮಗನಿಗೆ ಮದುವೆಯಾದರೆ ಮನೆ ಪಕ್ಕಕ್ಕೆ, ಅಣ್ಣತಮ್ಮಂದಿರು ಜಗಳವಾಡಿದರೆ ಮನೆ ದೂರಕ್ಕೆ. ಊರೆಲ್ಲ ಹಗ್ಗ ಹಿಡಿದರೆ ಒಬ್ಬ ಮುಂದೆ ನಿಂತು ಪದ ಕಟ್ಟಿ ಕೂಗುವನು. ಅವನ ಸಾಲಿನ ಕೊನೆಯ ಮಾತಿಗೆ ಎಲ್ಲರೂ ಒಟ್ಟಿಗೆ ಜಗ್ಗಬೇಕು. ಹಾಗೆ ಕೂಗುತ್ತಿದ್ದವರಲ್ಲಿ ಉಳಿದಿರುವವನು ಲಿಯೋ ಮಾವ ಒಬ್ಬನೇ.

"ಲಿಯೋ, ನನ್ನ ಮನೆ ಎಳೀಬೇಕು" ಎಂದಳು ಗರ್ಟಿ ಅತ್ತೆ, ಕೂರುವ ಮೊದಲೇ.

"ಎಲ್ಲಿಗೆ ಹುಡುಗಿ?"

"ರಸ್ತೆ ದಾಟಿಸಿ, ಅಪ್ಪನ ಮೇಲಿನ ಹುಲ್ಲುಗಾವಲಿಗೆ. ಅಲ್ಲಿ ಬಂಡೆ ಬಿಟ್ಟು ಏನೂ ಇಲ್ಲ ಅಂತ ಡಾಕ್ಟರು ಹಿಂದೆಯೇ ಅಗೆದು ನೋಡಿದ್ದಾರೆ."

ಲಿಯೋ ಮಾವ ಅವಳತ್ತ ಒಂದು ಕುರ್ಚಿ ಸರಿಸಿದ. "ಊರಿನವರು ಏನಾದ್ರೂ ಅಂದ್ರಾ?"

"ಅಂದಿದ್ರೆ ಹಟಕ್ಕಾದ್ರೂ ಅಲ್ಲೇ ಕೂತಿರ್ತಿದ್ದೆ. ಯಾರೂ ಅನ್ನಲಿಲ್ಲ, ಅದಕ್ಕೇ ಒದ್ದಾಟ. ಮತ್ತೆ, ಆ ಬೀದಿ ಎಲ್ಲಿಗೆ ಹೋಗ್ತಿತ್ತು ಅಂತ ನೋಡದೆ ಸಾಯೋಕಾಗಲ್ಲ ಲಿಯೋ. ಒಲೆ ಮುಂದೆ ನಿಂತಾಗೆಲ್ಲ ಅಂಗಾಲು ಕಡಿಯುತ್ತೆ."

"ಮನೇನೂ ಬೇಕು, ಬೀದೀನೂ ಬೇಕು."

"ಎರಡೂ ಬೇಕು. ಬೇಡ ಅಂದೋರು ಯಾರು?"

ಲಿಯೋ ಮಾವ ನಕ್ಕ. ಮಂಡಿಗೆ ಕೈಯೂರಿ ಎದ್ದು ಕಿಟಕಿಯಿಂದ ಆಕಾಶ ನೋಡಿದ. "ನೆಲ ಕಬ್ಬಿಣದ ಹಂಗಾಗಬೇಕು. ಅದರ ಮೇಲೆ ಹಿಮ ಗಟ್ಟಿಯಾಗಿ ಕೂರಬೇಕು. ಆಗ ಅಡೀಲಿರೋ ನಿಮ್ಮ ಡಾಕ್ಟರ ಕಲ್ಲಿಗೂ ಪೆಟ್ಟಾಗಲ್ಲ. ಒಂದೇ ಮಾತು: ಹೊರಟ ಮನೆ ನಿಲ್ಲಬಾರದು. ನಿಂತರೆ ಕೂತುಬಿಡುತ್ತೆ."

ಫೋನಿನಲ್ಲಿ ಪೆಕ್ ಅವರಿಗೆ ಹೇಳಿದಾಗ, "ಮನೆಯನ್ನಾ? ಇಡೀ ಮನೆಯನ್ನಾ?" ಎಂದರು. ಮರುದಿನವೇ ಕಾರು ಹತ್ತಿ ಬಂದು, ಯಾವ ಗುರುತಿನಿಂದ ಯಾವ ಗುರುತಿನವರೆಗೆ ಎಳೆಯಬಹುದು ಎಂದು ಕೆಂಪು ಬಟ್ಟೆ ಕಟ್ಟಿದ ಕಡ್ಡಿಗಳನ್ನು ಹಿಮದಲ್ಲಿ ನೆಟ್ಟರು.

ಊರಿಗೆ ಬಾಯಿ ಬಂತು. ಹಳೆಯ ಬಲೆಗಳ ಲಂಗರು ಹಗ್ಗಗಳು ಮಾಳಿಗೆಗಳಿಂದ ಇಳಿದವು. ಗಂಡಸರು ಕಾಡಿಗೆ ಹೋಗಿ ಎರಡು ಉದ್ದನೆಯ ಸ್ಪ್ರೂಸ್ ಮರದ ದಿಮ್ಮಿ ಕಡಿದು ತಂದು, ಮನೆಯಡಿ ತೂರಿಸಿ, ಗೂಟಗಳ ಮೇಲಿದ್ದ ಭಾರವನ್ನು ಜಾರುಬಂಡಿಯ ಹಾಗೆ ಅವುಗಳ ಮೇಲಿಳಿಸಿದರು. ಹುಡುಗರಿಗೆ ಒಟ್ಟಿಗೆ ಜಗ್ಗುವುದೇ ಗೊತ್ತಿರಲಿಲ್ಲ. ಲಿಯೋ ಮಾವ ತನ್ನ ಹಳೆಯ ದೋಣಿಗೆ ಹಗ್ಗ ಕಟ್ಟಿಸಿ ದಡದಲ್ಲಿ ಮೇಲೆ ಕೆಳಗೆ ಎಳೆಸಿ ಅಭ್ಯಾಸ ಮಾಡಿಸಿದ. "ಜಗ್ಗೋ ಅಂದ್ರೆ ಹೆಣ ಹೊರೋ ಹಂಗೆ ಹೊರ್ತೀಯಲ್ಲೋ! ಡರ್ಮಟ್, ನಿನ್ನಪ್ಪ ಹಲ್ಲಿಲ್ಲದ ವಯಸ್ಸಲ್ಲೂ ನಿನಗಿಂತ ಚೆನ್ನಾಗಿ ಜಗ್ತಿದ್ದ." ಡರ್ಮಟ್, "ನನ್ನ ಯಂತ್ರಾನೇ ಒಂದು ಸಲ ಕಟ್ಟೋಣ ಮಾವ" ಎಂದರೆ, "ಕಟ್ಟು. ಅರ್ಧ ಮನೆ ನಿನ್ನ ಜೊತೆ ಬರುತ್ತೆ, ಅರ್ಧ ಇಲ್ಲೇ ಇರುತ್ತೆ" ಎಂದ.

ಫೆಬ್ರವರಿಯಲ್ಲಿ ನೆಲ ಬೇಕಾದ ಹಾಗೆ ಗಟ್ಟಿಯಾಯಿತು. ಆ ಬೆಳಿಗ್ಗೆ ಊರಿಗೆ ಊರೇ ಅಂಗಳದಲ್ಲಿ. ಗರ್ಟಿ ಅತ್ತೆ ಮನೆಯಿಂದ ಇಳಿಯಲು ಒಪ್ಪಲಿಲ್ಲ. ಕಪಾಟಿನಿಂದ ಒಂದು ತಟ್ಟೆಯನ್ನೂ ಕೆಳಗಿಳಿಸಿರಲಿಲ್ಲ. ಹೊಗೆಕೊಳವೆಯಿಂದ ಹೊಗೆ ಬರುತ್ತಿತ್ತು.

"ಒಲೆ ಉರೀತಿದೆ!" ಎಂದು ಪೆಕ್ ಗಾಬರಿಯಾದರು.

ಅತ್ತೆ ಕಿಟಕಿ ತೆರೆದು ಇಣುಕಿದಳು. "ಮತ್ತೆ ಇವರಿಗೆಲ್ಲ ಚಹಾ ಯಾರು ಕಾಯಿಸ್ತಾರೆ ಡಾಕ್ಟ್ರೇ, ನಿಮ್ಮ ವಿಶ್ವವಿದ್ಯಾಲಯನಾ?"

ಲಿಯೋ ಮಾವ ಮುರುಕು ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದ. ಮೊದಲ ಸಾಲಿಗೆ ಹಗ್ಗ ಬಿಗಿಯಿತು. ಎರಡನೆಯದಕ್ಕೆ ಮನೆ ನರಳಿತು. ಮೂರನೆಯದಕ್ಕೆ, ದೇವರಾಣೆ, ಅದು ಹೊರಟಿತು. ಕಿಟಕಿ, ಪರದೆ, ಹೊಗೆ, ಒಳಗೆ ಗರ್ಟಿ ಅತ್ತೆ ಎಲ್ಲ ಸೇರಿ ಹಿಮದ ಮೇಲೆ ಹಸುವಿನ ಹಾಗೆ ಮೆಲ್ಲನೆ ನಡೆದು ಬಂತು. ನಾನು ಹಗ್ಗದ ಹಿಂದಿನ ತುದಿಯಲ್ಲಿದ್ದೆ. ನೋರಾ ನನ್ನ ತಂಗಿಯ ತೋಳಿನಲ್ಲಿ ಕೂತು ಬಾಯಿ ತೆರೆದು ನೋಡುತ್ತಿದ್ದಳು. ಅಂಗಳ ದಾಟಿತು, ರಸ್ತೆ ಬದಿಯ ಬೇಲಿಯ ಜಾಗ ದಾಟಿತು, ಮುಂದಿನ ತುದಿ ರಸ್ತೆಯ ಮೇಲೇರಿತು.

ಅಲ್ಲಿ ನಾವು ತಪ್ಪಿದೆವು. ರಸ್ತೆ ಅಗಲಕ್ಕೂ ಹಿಮ ತೆಳುವಾಗಿತ್ತು, ಎಲ್ಲರಿಗೂ ಏದುಸಿರು. ಆ ಹೊತ್ತಿಗೆ ಸರಿಯಾಗಿ ಗರ್ಟಿ ಅತ್ತೆ ಬಾಗಿಲು ತೆರೆದಳು. ಬಿಸಿ ಬ್ರೆಡ್ಡಿನ ವಾಸನೆ ಹೊರಗೆ ಬಂತು. "ಕೈ ನೀಲಿಯಾಗಿದೆ ನಿಮ್ಮದು. ಬನ್ನಿ ಒಳಗೆ, ಒಂದು ಗುಟುಕು ಕುಡಿದು ಹೋಗಿ!"

ನಮ್ಮೂರಿನಲ್ಲಿ ಚಹಾಕ್ಕೆ ಕರೆದರೆ ಬೇಡ ಎನ್ನುವ ರೂಢಿಯಿಲ್ಲ. ಒಬ್ಬೊಬ್ಬರಾಗಿ ಬೂಟು ಒದರಿ ಎಲ್ಲರೂ ಹತ್ತಿದರು. ಅಡುಗೆಮನೆ ತುಂಬಿತು, ನಡುಮನೆ ತುಂಬಿತು, ಮಹಡಿಯ ಮೆಟ್ಟಿಲ ಮೇಲೂ ಕೂತರು. ನಿಲ್ಲಬಾರದು ಎಂದಿದ್ದ ಲಿಯೋ ಮಾವನೇ ಒಲೆಯ ಪಕ್ಕದ ಕುರ್ಚಿಯಲ್ಲಿ ಎರಡನೆಯ ಬನ್ ಕೈಯಲ್ಲಿ ಹಿಡಿದು ಕೂತಿದ್ದ. ನಾನು ನೋರಾಳನ್ನು ಪೆಟ್ಟಿಗೆಯಲ್ಲಿಟ್ಟು ನೆಲದ ಮೇಲಿರಿಸಿದೆ.

ಆಗ ಕೆಳಗೆಲ್ಲೋ ಹಿಂಡಿದಂತೆ ಒಂದು ಸದ್ದು. ಎಲ್ಲರ ಕಪ್ಪಿನಲ್ಲೂ ಚಹಾ ಒಂದೇ ಕಡೆಗೆ ವಾಲಿತು. ನೋರಾಳ ಪೆಟ್ಟಿಗೆ ನೆಲದ ಮೇಲೆ ತಾನೇ ಜಾರಿಕೊಂಡು ಹೋಗಿ ಗೋಡೆಗೆ ಮೆತ್ತಗೆ ತಾಗಿತು. ಅವಳು ಕಿಲಕಿಲ ನಕ್ಕಳು. ನಾನು ಹಾರಿಹೋಗಿ ಎತ್ತಿಕೊಂಡೆ. ಕಪಾಟಿನ ಕಪ್ಪುಗಳು ಒಂದಕ್ಕೊಂದು ತಾಗಿ ಝಣ್ ಎಂದವು, ಒಡೆಯಲಿಲ್ಲ.

ಊರಿಡೀ ಒಳಗೆ ಕೂತ ಭಾರಕ್ಕೆ ಒಂದು ದಿಮ್ಮಿ ರಸ್ತೆಯಂಚಿನ ಮಣ್ಣನ್ನು ಸೀಳಿ ಇಳಿದುಬಿಟ್ಟಿತ್ತು.

"ಯಾರೂ ಅಲುಗಾಡಬೇಡಿ" ಎಂದ ಲಿಯೋ ಮಾವ, ಬನ್ನನ್ನು ಬಾಯಿಗಿಟ್ಟುಕೊಂಡು.

"ನಿಲ್ಲಬಾರದು ಅಂತ ಹೇಳಿದ್ದು ಯಾರಪ್ಪ?" ಎಂದಳು ಗರ್ಟಿ ಅತ್ತೆ.

"ಹೇಳಿದ್ದು ನಾನು. ಕರೆದದ್ದು ನೀನು."

ಮಧ್ಯಾಹ್ನದ ಹೊತ್ತಿಗೆ ಗಾಳಿ ದಕ್ಷಿಣದ ಕಡೆಯಿಂದ ಬೀಸಿ ಮಳೆ ಶುರುವಾಯಿತು. ಹಿಮ ಕರಗಿತು. ಮನೆ ಅರ್ಧ ರಸ್ತೆಯ ಮೇಲೆ, ಅರ್ಧ ಕೆಸರಿನಲ್ಲಿ, ಒಂದು ಕಡೆಗೆ ಸೊಂಟ ವಾಲಿಸಿ ನಿಂತಿತು. ಆ ದಿನಗಳನ್ನು ನೆನೆದರೆ ಈಗ ನಗು. ಗರ್ಟಿ ಅತ್ತೆ ರಸ್ತೆಯಲ್ಲೇ ಸಂಸಾರ ಹೂಡಿದಳು. ಶಾಲೆಯ ಬಸ್ಸು ಅವಳ ಮೆಟ್ಟಿಲನ್ನು ಸವರಿಕೊಂಡು ಹೋಗುತ್ತಿತ್ತು. ಅಂಚೆಯವಳು ಕಿಟಕಿಯಿಂದ ಕಾಗದ ಕೊಟ್ಟು, "ವಿಳಾಸ ಏನಂತ ಬರಕೊಳ್ಳಲಿ, ಗರ್ಟಿ ಅತ್ತೆ? ರಸ್ತೆ ಮಧ್ಯ ಅಂತಲೇ?" ಎಂದಳು. ಪಾದ್ರಿಗಳು ಪೂಜೆಗೆ ತಡವಾಗಿ ಬಂದು, ಒಂದು ಮನೆ ಅಡ್ಡ ಬಂತು ಎಂದು ಕಾರಣ ಕೊಟ್ಟರು. ಹೋಗಿಬರುವವರೆಲ್ಲ ಇಳಿದು ಚಹಾ ಕುಡಿದು ಹೋಗುತ್ತಿದ್ದರು, ಇಬ್ಬಿಬ್ಬರೇ, ಹೆದರಿಕೊಂಡು.

ಆಮೇಲೆ ರಸ್ತೆ ಇಲಾಖೆಯವನು ಬಂದ. ಒಳ್ಳೆಯ ಮನುಷ್ಯನೇ. ಅವನೂ ವಾಲಿದ ಕುರ್ಚಿಯಲ್ಲಿ ಕೂತು ಚಹಾ ಕುಡಿದ. ಕುಡಿದು ಮುಗಿಸಿ ಹೇಳಿದ: "ನೋಡೀಮ್ಮ, ಶನಿವಾರದೊಳಗೆ ತೆಗೀಲೇಬೇಕು. ಆಂಬುಲೆನ್ಸ್ ಬರೋ ದಾರಿ ಇದು. ತೆಗೀದಿದ್ರೆ ನಾವು ಯಂತ್ರ ತಂದು ಎಳೀಬೇಕಾಗುತ್ತೆ. ನಮ್ಮ ಯಂತ್ರಕ್ಕೆ ಮನೆ ಅಂತ ಗೊತ್ತಾಗಲ್ಲ."

ಅವನು ಹೋದ ಮೇಲೆ ಅವಳು ಮೊದಲ ಸಲ ಸೋತು ಕೂತದ್ದನ್ನು ಕಂಡೆ. ಊದಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡಿದ್ದಳು. "ಅಲ್ಲೇ ಇದ್ದಿದ್ರೆ ಮನೆಯಾದ್ರೂ ಉಳೀತಿತ್ತು" ಎಂದಳು. "ಎರಡೂ ಬೇಕು ಅಂದೆ. ಈಗ ನೋಡು."

ನಾನು ನೋರಾಳನ್ನು ಅವಳ ಮಡಿಲಿಗೆ ಹಾಕಿ, ನೆಲ ಒರೆಸಿದೆ, ಪಾತ್ರೆ ತೊಳೆದೆ. ವಾಲಿದ ಬೋಗುಣಿಯಲ್ಲಿ ನೀರು ನಿಲ್ಲಬೇಕಾದರೆ ಒಂದು ಕಡೆ ಚಮಚ ಕೊಟ್ಟು ಎತ್ತರಿಸಬೇಕು ಎಂದು ಆವತ್ತು ಕಲಿತೆ.

ಗುರುವಾರ ಸಂಜೆ ಲಿಯೋ ಮಾವ ಬಂದು ರಸ್ತೆಯಲ್ಲಿ ನಿಂತು ಮೂಗು ಮೇಲೆತ್ತಿದ. "ಗಾಳಿ ತಿರುಗಿತು ಹುಡುಗಿ. ವಾಯುವ್ಯ." ಶುಕ್ರವಾರ ಬೆಳಗಾಗುವಷ್ಟರಲ್ಲಿ ಬಕೆಟ್ಟಿನ ನೀರೆಲ್ಲ ಕಲ್ಲಾಗಿತ್ತು. ಡರ್ಮಟ್ ಯಂತ್ರ ತಂದು ಹೂತ ದಿಮ್ಮಿಯ ಸುತ್ತ ಮಾತ್ರ ಎಚ್ಚರದಿಂದ ತೋಡಿ, ಜ್ಯಾಕು ಕೊಟ್ಟು ಎತ್ತಿ, ಅದರಡಿ ಹಲಗೆಗಳನ್ನು ಹಾಕಿದ. ಊರು ಮತ್ತೆ ಹಗ್ಗ ಹಿಡಿಯಿತು. ಈ ಸಲ ಪೆಕ್ ಕೂಡ ಕೋಟು ಬಿಚ್ಚಿ ನನ್ನ ಮುಂದೆ ನಿಂತರು. ರಸ್ತೆ ಇಲಾಖೆಯವನು ಸಾಲಿನ ಕೊನೆಯಲ್ಲಿ ನಿಂತದ್ದನ್ನು ನಾನು ನೋಡಿಯೂ ನೋಡದವಳಂತಿದ್ದೆ.

ಗರ್ಟಿ ಅತ್ತೆ ಹೊರಗೆ ಬಂದು ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗಿಳಿಸಿದಳು. ಹೊಗೆಕೊಳವೆಯಲ್ಲಿ ಹೊಗೆಯಿರಲಿಲ್ಲ.

"ಎಲ್ಲರೂ ಕೇಳಿ" ಎಂದಳು. "ಒಲೆ ಆರಿಸಿದೀನಿ. ಮೇಲೆ ಹೋಗಿ ಸೇರೋ ತನಕ ಒಬ್ಬರಿಗೂ ಒಂದು ಹನಿ ಚಹಾ ಇಲ್ಲ. ನಿನಗಂತೂ ಇಲ್ಲ ಲಿಯೋ."

"ಕ್ರೂರಿ" ಎಂದ ಲಿಯೋ ಮಾವ, ಕುರ್ಚಿ ಹತ್ತಿದ.

ಅವಳು ಹಗ್ಗದ ಎಲ್ಲಕ್ಕಿಂತ ಮುಂದಿನ ಜಾಗಕ್ಕೆ ಹೋಗಿ ನಿಂತಳು. ಆ ದೊಡ್ಡ ಕೈಗಳು ಹಗ್ಗಕ್ಕೆ ಸುತ್ತಿಕೊಂಡವು. ಲಿಯೋ ಮಾವ ಆವತ್ತು ಕಟ್ಟಿದ ಪದದಲ್ಲಿ ಅವಳ ಬನ್ನನ್ನು ಎಷ್ಟು ಬೈದನೋ, ನಗುವಿಗೇ ಅರ್ಧ ಬಲ ಬಂತು. ಮನೆ ಹಲಗೆ ಹತ್ತಿತು, ರಸ್ತೆ ದಾಟಿತು, ಏರು ಹತ್ತಿತು. ಒಂದು ಸಲವೂ ನಿಲ್ಲಲಿಲ್ಲ. ಹುಲ್ಲುಗಾವಲಿನ ಹೊಸ ಗೂಟಗಳ ಪಕ್ಕಕ್ಕೆ ಬಂದಾಗ ಎಲ್ಲರೂ ಹಗ್ಗ ಬಿಟ್ಟು ಹಿಮದ ಮೇಲೆ ಬಿದ್ದುಕೊಂಡೆವು. ಗರ್ಟಿ ಅತ್ತೆ ಬೀಗ ತೆಗೆದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಕೊಳವೆಯಿಂದ ಹೊಗೆ ಎದ್ದಿತು.

ಜೂನಿನಲ್ಲಿ ಅವಳ ಹಳೆಯ ಅಡುಗೆಮನೆಯ ಜಾಗಕ್ಕೆ ದಾರ ಕಟ್ಟಿದರು. ಮುಂದಿನ ಚೌಕ ಅವಳದೇ; ಅದನ್ನು ಬೇರೆ ಯಾರಿಗೂ ಕೊಡುವ ಧೈರ್ಯ ಪೆಕ್ ಅವರಿಗಿರಲಿಲ್ಲ. ಬೀದಿ ಬೇಲಿಯ ಜಾಗ ದಾಟಿ, ಸ್ವಲ್ಪ ಬಲಕ್ಕೆ ಹೊರಳಿ, ಒಂದು ಹಾಸುಗಲ್ಲಿನ ಮುಂದೆ ಮುಗಿಯಿತು. ಹೊಸಿಲಿನ ಮೆಟ್ಟಿಲು. ನಡುವೆ ಬೋಗುಣಿಯಷ್ಟು ಸವೆದಿತ್ತು. ಅದರ ಪಕ್ಕದಲ್ಲಿ, ಗಾಳಿ ಬಾರದ ಬದಿಗೆ, ಕಪ್ಪೆಚಿಪ್ಪು, ಮೀನಿನ ಮೂಳೆ, ಬೂದಿಯ ರಾಶಿ.

ಗರ್ಟಿ ಅತ್ತೆ ಜೋರಾಗಿ ನಕ್ಕಳು. "ನೋಡಿದ್ಯಾ! ಈ ಮನೆಯವಳೂ ಬಾಗಿಲಲ್ಲೇ ನಿಂತು ಕಸ ಚೆಲ್ತಿದ್ದಳು. ನಾನೂ ಇದೇ ಕಡೆ ಚೆಲ್ಲೋದು. ಆ ಕಡೆ ಚೆಲ್ಲಿದರೆ ಮುಖಕ್ಕೇ ಬರುತ್ತಲ್ಲ."

"ಹೆಂಗಸು ಅಂತ ಹೇಗೆ ಹೇಳೋದು ಗರ್ಟಿಯವರೇ" ಎಂದರು ಪೆಕ್, ಬರೆದುಕೊಳ್ಳುತ್ತಾ. "ಆ ಮೊದಲ ವರ್ಷಗಳಲ್ಲಿ ಗಂಡಸರೇ ಹೆಚ್ಚು."

"ಹೌದಾ? ಗಂಡಸಾದರೆ ಇನ್ನೂ ಸೋಮಾರಿ. ಒಳಗೇ ಚೆಲ್ಲಿರ್ತಿದ್ದ."

ಆ ರಾಶಿಯ ಮಣ್ಣನ್ನು ಜರಡಿ ಹಿಡಿದು ನನ್ನ ಬೋಗುಣಿಗೆ ಕಳಿಸಿದರು. ಅದರಲ್ಲಿ ಬಾಗಿದ ಗುಂಡುಸೂಜಿ, ಒಂದು ಸಣ್ಣ ಹಿತ್ತಾಳೆ ಬೆರಳುಟೋಪಿ ಸಿಕ್ಕಿದವು. ಹೊಲಿಯುವಾಗ ಹಾಕಿಕೊಳ್ಳುವಂಥದ್ದು. ನನ್ನ ಕಿರುಬೆರಳಿಗೂ ಹಿಡಿಯಲಿಲ್ಲ. ಪೆಕ್ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, "ಹುಡುಗಿಯದಿರಬಹುದು" ಎಂದರು, ಮೆಲ್ಲಗೆ. ಗರ್ಟಿ ಅತ್ತೆ ಹೇಳಿದ್ದೆನಲ್ಲ ಎನ್ನುವ ಹಾಗೆ ನನ್ನನ್ನು ನೋಡಿದಳು. ಹೊಸಿಲಾಚೆಗೆ ಇಡೀ ಮನೆಯೇ ಇದೆಯಂತೆ, ಅಗೆಯಲು ಇನ್ನೂ ಹಲವು ಬೇಸಿಗೆ ಬೇಕಂತೆ. ಡರ್ಮಟ್ ಆಲ್ಬರ್ಟಾದ ಮಾತೆತ್ತಿಲ್ಲ.

ಹೊಸ ಜಾಗದಲ್ಲಿ ಅವಳ ಕಿಟಕಿಗೆ ಇಡೀ ಬಂದರು ಕಾಣುತ್ತದೆ. ಇಷ್ಟು ವರ್ಷ ತಾನು ಎಲ್ಲಿದ್ದೆ ಎಂದು ತನಗೇ ಕಂಡಿರಲಿಲ್ಲ ಎನ್ನುತ್ತಾಳೆ. ಈಗ ಒಲೆಯ ಮುಂದೆ ನಿಂತರೆ ಕೆಳಗೆ ತನ್ನ ಮನೆಯ ಗುರುತು, ಅದರೊಳಗೆ ಇನ್ನೊಬ್ಬರ ಹೊಸಿಲು, ಅಲ್ಲಿಂದ ನೀರಿಗಿಳಿಯುವ ಬೀದಿ. ಚಹಾದ ಹೊತ್ತಿಗೆ ಆ ಕಿಟಕಿಯಿಂದಲೇ ಕೂಗುತ್ತಾಳೆ. ಎಲ್ಲರೂ ಹೋಗುತ್ತೇವೆ, ಒಟ್ಟಿಗೆ ಹೋಗುತ್ತೇವೆ. ಗೂಟಗಳನ್ನು ಡರ್ಮಟ್ ಎರಡರಷ್ಟು ಹಾಕಿದ್ದಾನೆ.

ನೆಲ ಮಾತ್ರ ಪೂರ್ತಿ ಸಮವಾಗಿಲ್ಲ. ಆ ವಾರ ರಸ್ತೆಯಲ್ಲಿ ವಾಲಿ ನಿಂತದ್ದು ತೊಲೆಗಳಿಗೆ ಅಂಟಿಕೊಂಡಿದೆ. ಸರಿಮಾಡಿಕೊಡುತ್ತೇನೆ ಎಂದು ಡರ್ಮಟ್ ಹೇಳಿದರೆ ಅವಳು ಬಿಡಲಿಲ್ಲ. ಹೋದ ಭಾನುವಾರ ನೋರಾ ಒಲೆಯ ಪಕ್ಕದ ಬೆಂಚು ಹಿಡಿದು ನಿಂತಿದ್ದವಳು ಕೈ ಬಿಟ್ಟಳು. ಒಂದು ಹೆಜ್ಜೆ ಇಟ್ಟಳು. ನೆಲ ಅವಳನ್ನು ಇನ್ನೊಂದಕ್ಕೆ ತಳ್ಳಿತು, ಮತ್ತೊಂದಕ್ಕೆ ತಳ್ಳಿತು. ಕೈ ಚಾಚಿಕೊಂಡು ಓಡಿಹೋಗಿ ಕಿಟಕಿಯ ಅಂಚನ್ನು ಹಿಡಿದು ನಿಂತಳು.

"ಅದಕ್ಕೇ ಸರಿಮಾಡಿಸಲಿಲ್ಲ ಕಣೇ" ಎಂದಳು ಗರ್ಟಿ ಅತ್ತೆ, ತನಗೆ ಮೊದಲೇ ಗೊತ್ತಿತ್ತು ಎನ್ನುವ ಹಾಗೆ, ಮತ್ತು ಕೆಟಲನ್ನು ಒಲೆಗೇರಿಸಿದಳು.